ದಂಡ ಕಟ್ಟಿದರೆ ಹಕ್ಕು ತೀರಿತೇ?

ವೇಗದ ಮಿತಿ ಮೀರಿದ್ದಕ್ಕೆ ಸರಕಾರ ವಸೂಲು ಮಾಡುವ ದಂಡವನ್ನು ನೀವು ಏನೆಂದು ತಿಳಿದಿದ್ದೀರಿ? ಶಿಕ್ಷೆಯೆಂದೇ, ತೆರಿಗೆಯೆಂದೇ, ಇಲ್ಲಾ ಸುಮ್ಮನೆ ಜೇಬಿಗೆ ಕೈಹಾಕುವ ಉಪಾಯವೆಂದೇ? ಮದ್ರಸದಲ್ಲಿ ನಾವು ಓದಿದ ಫಿಕ್ಹ್ ಗ್ರಂಥಗಳಲ್ಲಿ ಒಂಟೆ, ಕುದುರೆ, ಹೇಸರಗತ್ತೆಗಳಿಂದಾದ ಹಾನಿಗೆ ಯಾರು ಹೊಣೆ ಎಂಬ ಚರ್ಚೆಯಿದೆ. ಕ್ಯಾಮೆರಾ ಹಿಡಿದ ಕಾರಿನ ಚರ್ಚೆ ಅಲ್ಲಿ ಇರಲು ಸಾಧ್ಯವಿಲ್ಲ. ಆದರೆ ಈಗ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಚಹಾ ಅಂಗಡಿಗಳಲ್ಲೂ ಈ ಪ್ರಶ್ನೆ ಏಳುತ್ತದೆ. ಯಾಕೆಂದರೆ ಈ ಊರುಗಳ ಎಷ್ಟೋ ಹುಡುಗರು ಗಲ್ಫ್‌ನಲ್ಲಿ ಸ್ಟಿಯರಿಂಗ್ ಹಿಡಿದೇ ಅನ್ನ ಸಂಪಾದಿಸುತ್ತಿದ್ದಾರೆ.

ನನ್ನ ತಂಗಿಯ ಮಗ ರಿಯಾದ್‌ನಲ್ಲಿ ಎಂಟು ವರ್ಷಗಳಿಂದ ಡೆಲಿವರಿ ವ್ಯಾನ್ ಓಡಿಸುತ್ತಾನೆ. ರಜೆಗೆ ತುರುವೇಕೆರೆಗೆ ಬಂದಿದ್ದಾಗ ಒಂದು ಸಂಜೆ ಅಸರ್ ನಮಾಝಿನ ನಂತರ ಮಾತಿಗೆ ಕುಳಿತೆವು. ಕಾಯಿ ಸಾಗಿಸುವ ಟೆಂಪೊ ಇಟ್ಟಿರುವ ಒಬ್ಬರು, ಕೊಬ್ಬರಿ ವ್ಯಾಪಾರದ ಒಬ್ಬ ಗೌಡರು ಕೂಡ ಇದ್ದರು. ಹುಡುಗನ ದೂರು ಅಲ್ಲಿನ 'ಸಾಹಿರ್' ವ್ಯವಸ್ಥೆಯ ಬಗ್ಗೆ. 2010ರಲ್ಲಿ ಸೌದಿ ಸರಕಾರ ರಸ್ತೆಗಳಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನು ಅಳವಡಿಸಿ, ಅತಿವೇಗವನ್ನೂ ಸಿಗ್ನಲ್ ಉಲ್ಲಂಘನೆಯನ್ನೂ ಹಿಡಿಯುವ ಈ ವ್ಯವಸ್ಥೆ ತಂದಿತು. ಸಾಹಿರ್ ಎಂದರೆ ನಿದ್ದೆಗೆಟ್ಟು ಕಾಯುವವನು ಎಂದರ್ಥ. ಅರಬಿಯಲ್ಲಿ ಇನ್ನೊಂದು 'ಹ' ಹಾಕಿ ಬರೆದರೆ ಅದೇ ಶಬ್ದ ಮಾಟಗಾರ ಎಂದಾಗುತ್ತದೆ. ಕನ್ನಡದಲ್ಲಿ ಎರಡೂ ಒಂದೇ ಎಂದು ನಾನು ಹೇಳಿದಾಗ ಹುಡುಗ ನಕ್ಕು, "ಸಂಬಳ ಮಾಯವಾಗುವುದನ್ನು ನೋಡಿದರೆ ಎರಡನೆಯದೇ ಸರಿ ಮಾಮು" ಎಂದ.

ಅವನ ದೂರಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಆರಂಭದ ವರ್ಷಗಳಲ್ಲಿ ಅತಿವೇಗಕ್ಕೆ ಒಂದು ತಿಂಗಳೊಳಗೆ ಕಟ್ಟಿದರೆ 300 ರಿಯಾಲ್, ತಡವಾದರೆ 500 ರಿಯಾಲ್ ಎಂಬ ಕ್ರಮವಿತ್ತು. ವಾಹನ ಕಂಪೆನಿಯ ಹೆಸರಿನಲ್ಲಿರುತ್ತದೆ. ದಂಡದ ಸಂದೇಶ ಮಾಲೀಕನ ಮೊಬೈಲಿಗೆ ಹೋಗುತ್ತದೆ. ಅವನು ಹೇಳಿದಾಗಷ್ಟೇ ಚಾಲಕನಿಗೆ ಗೊತ್ತಾಗುವುದು. ಹೀಗೆ ತಿಂಗಳು ಕಳೆದ ಮೇಲೆ ಸಂಬಳದಲ್ಲಿ ಹೆಚ್ಚಿನ ಮೊತ್ತ ಕಡಿತವಾದದ್ದನ್ನು ಅವನ ಜೊತೆಗಾರರು ಅನುಭವಿಸಿದ್ದಾರಂತೆ. ದಂಡ ಬಾಕಿಯಿದ್ದರೆ ಕೆಲಸ ಬಿಟ್ಟು ಊರಿಗೆ ಮರಳುವಾಗಲೂ ತೊಡಕು. ಶ್ರೀಮಂತನೊಬ್ಬನಿಗೆ 300 ರಿಯಾಲ್ ಒಂದು ಊಟದ ಖರ್ಚು. ಇವನಿಗೆ ಅದು ತಾಯಿಯ ಔಷಧಿಯ ದುಡ್ಡು.

ಸಾಹಿರ್ ಬಂದಾಗ ಸೌದಿಯಲ್ಲೇ ಭಾರೀ ವಾಗ್ವಾದ ನಡೆಯಿತು. ಸಿಟ್ಟಿನಿಂದ ಕ್ಯಾಮೆರಾಗಳನ್ನು ಒಡೆದವರಿದ್ದರು. ಇದು ಪ್ರಾಣರಕ್ಷಣೆಗಲ್ಲ, ಆದಾಯಕ್ಕೆ ಎಂದವರಿದ್ದರು. ನನಗೆ ಕುತೂಹಲವೆನಿಸಿದ್ದು ಉಲಮಾಗಳ ಚರ್ಚೆ. ತಡವಾದ ಕಾರಣಕ್ಕೆ ಮೊತ್ತ ಏರುವುದು ಅಜ್ಞಾನ ಕಾಲದ ಬಡ್ಡಿಯನ್ನು ಹೋಲುತ್ತದೆ ಎಂದು ಕೆಲವು ವಿದ್ವಾಂಸರು ಆಕ್ಷೇಪಿಸಿದರು. ಇದು ಸಾಲವೇ ಅಲ್ಲ, ಶಿಕ್ಷೆ. ಶಿಕ್ಷೆಗೆ ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಮಿತಿಗಳಿವೆ, ಬೇಗ ಬಂದವನಿಗೆ ಕನಿಷ್ಠ ಎಂದು ಇನ್ನೊಂದು ಪಕ್ಷದವರು ಉತ್ತರಿಸಿದರು. ನನ್ನ ಅಲ್ಪ ತಿಳಿವಳಿಕೆಗೆ ಎರಡನೆಯವರ ಮಾತೇ ಸರಿ ಕಾಣುತ್ತದೆ. ಆದರೆ ಸುದ್ದಿಯೇ ತಲುಪದ ಚಾಲಕನಿಗೆ ಗರಿಷ್ಠವನ್ನು ಹೇರುವುದು ನ್ಯಾಯವಲ್ಲ. ಅದು ಬಡ್ಡಿಯಲ್ಲದಿರಬಹುದು, ಅನ್ಯಾಯವಂತೂ ಹೌದು.

ಇನ್ನು ಮೂಲ ಪ್ರಶ್ನೆ. ತಪ್ಪಿಗೆ ಹಣದ ರೂಪದಲ್ಲಿ ಶಿಕ್ಷೆ ಕೊಡಬಹುದೇ? ಓದುಗರಲ್ಲಿ ಅನೇಕರಿಗೆ ಆಶ್ಚರ್ಯವಾಗಬಹುದು, ಇಮಾಮ್ ಅಬೂ ಹನೀಫ(ರ) ಮತ್ತು ಅವರ ಶಿಷ್ಯ ಇಮಾಮ್ ಮುಹಮ್ಮದ್(ರ) ಇದನ್ನು ಒಪ್ಪಿರಲಿಲ್ಲ. ಅಧಿಕಾರದಲ್ಲಿರುವವರು ಈ ನೆಪದಲ್ಲಿ ಜನರ ಸೊತ್ತು ನುಂಗಿಯಾರು ಎಂಬ ಭಯವನ್ನು ಹನಫಿ ಗ್ರಂಥಗಳೇ ಹೇಳುತ್ತವೆ. ಇನ್ನೊಬ್ಬ ಶಿಷ್ಯ ಇಮಾಮ್ ಅಬೂ ಯೂಸುಫ್(ರ) ಇದಕ್ಕೆ ಅನುಮತಿಯಿದೆ ಎಂದರು ಎಂಬ ವರದಿಯಿದೆ. ಆದರೆ ಆ ಅಭಿಪ್ರಾಯವನ್ನು ನಂತರದ ವಿದ್ವಾಂಸರು ವಿವರಿಸಿದ ರೀತಿ ಗಮನಾರ್ಹ. ಆಡಳಿತಗಾರನು ತಪ್ಪಿತಸ್ಥನ ಹಣವನ್ನು ಕೆಲಕಾಲ ತನ್ನ ಬಳಿ ತಡೆದಿಡಬೇಕು. ಅವನು ತಿದ್ದಿಕೊಂಡ ಮೇಲೆ ಅದನ್ನು ಹಿಂತಿರುಗಿಸಬೇಕು. ಅಂದರೆ ದಂಡದ ಗುರಿ ಬೊಕ್ಕಸ ತುಂಬುವುದಲ್ಲ, ಮನುಷ್ಯನನ್ನು ತಿದ್ದುವುದು.

ನಮ್ಮ ಕಾಲದಲ್ಲಿ ಈ ವಿಷಯ ಮತ್ತೆ ಪರಿಶೀಲನೆಗೆ ಬಂತು. ಮುಸ್ಲಿಮ್ ರಾಷ್ಟ್ರಗಳ ಸಂಘಟನೆಗೆ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 1993ರ ಜೂನ್‌ನಲ್ಲಿ ಬ್ರುನೈಯಲ್ಲಿ ಸಭೆ ಸೇರಿ, ರಸ್ತೆ ಅಪಘಾತಗಳ ಬಗ್ಗೆಯೇ ಒಂದು ನಿರ್ಣಯ ಹೊರಡಿಸಿತು. ಶರೀಅತ್ತಿಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯ, ಜನರ ಸುರಕ್ಷೆಗೆ ಅಪಾಯ ತರುವವರಿಗೆ ಹಣದ ದಂಡವೂ ಸೇರಿದಂತೆ ಶಿಕ್ಷೆ ವಿಧಿಸಬಹುದು ಎಂದು ಅದು ಹೇಳಿದೆ. ಹೆಲ್ಮೆಟ್ ಇಲ್ಲದೆ, ಒಂದೇ ಬೈಕಿನಲ್ಲಿ ಮೂವರು ಕುಳಿತು ಜುಮಾಕ್ಕೆ ಧಾವಿಸುವ ನಮ್ಮ ಹುಡುಗರು ಇದನ್ನು ಒಮ್ಮೆ ಕೇಳಬೇಕು. ತಲೆಯ ಮೇಲೆ ಟೋಪಿಯಿದ್ದರೆ ಸಾಕು ಎಂದು ಅವರ ನಂಬಿಕೆ.

ಇಷ್ಟೆಲ್ಲ ಹೇಳಿದಾಗ ಸೋದರಳಿಯ ತಲೆಯಾಡಿಸಿದ. ಮರುದಿನ ಬಾಡಿಗೆ ಕಾರಿನಲ್ಲಿ ನನ್ನನ್ನು ಚಿಕ್ಕನಾಯಕನಹಳ್ಳಿಗೆ ಕರೆದೊಯ್ದ. ಕೆ.ಬಿ. ಕ್ರಾಸ್ ದಾಟಿದ ಮೇಲೆ ನೋಡುತ್ತೇನೆ, ಮುಳ್ಳು 90ರ ಮೇಲಿದೆ, ಎದೆಗೆ ಬೆಲ್ಟ್ ಇಲ್ಲ. ರಿಯಾದ್‌ನಲ್ಲಿ ಬೆಲ್ಟ್ ಹಾಕದೆ ಗಾಡಿ ಕದಲಿಸದ ಹುಡುಗ! ಯಾಕಪ್ಪಾ ಎಂದರೆ, "ಇಲ್ಲಿ ಕ್ಯಾಮೆರಾ ಎಲ್ಲಿದೆ ಮಾಮು?" ಎಂದ.

ನನಗೆ ಆ ಮಾತು ಬಹಳ ಚುಚ್ಚಿತು. ಯಾರೂ ಕಾಣದಿದ್ದರೂ ಅಲ್ಲಾಹನು ಕಾಣುತ್ತಾನೆ ಎಂಬ ಪ್ರಜ್ಞೆಯಿಂದ ಬದುಕುವುದನ್ನು ಪ್ರವಾದಿವರ್ಯರು(ಸ) ಇಹ್ಸಾನ್ ಎಂದು ಕಲಿಸಿದರು. ನಾವು ಆ ಸ್ಥಾನದಲ್ಲಿ ಕ್ಯಾಮೆರಾವನ್ನು ಕೂರಿಸಿದ್ದೇವೆಯೇ? ಇಲ್ಲಿ ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ಮುಂದೆ ಪೊಲೀಸರು ವೇಗ ಅಳೆಯುತ್ತಾ ನಿಂತಿದ್ದರೆ, ಎದುರಿನಿಂದ ಬರುವವರು ಹೆಡ್‌ಲೈಟ್ ಮಿನುಗಿಸಿ ನಮ್ಮನ್ನು ಎಚ್ಚರಿಸುತ್ತಾರೆ. ನಾವೂ ಕೈಯೆತ್ತಿ ಕೃತಜ್ಞತೆ ಹೇಳುತ್ತೇವೆ. ಇದನ್ನು ಪರೋಪಕಾರವೆಂದು ತಿಳಿದವರೇ ಹೆಚ್ಚು. ನಾನಂತೂ ಇದನ್ನು ಪಾಪದಲ್ಲಿ ಸಹಕಾರವೆಂದೇ ಎಣಿಸುತ್ತೇನೆ.

ನಮ್ಮ ಸೀಮೆಯವರಿಗೆ ವೇಗವೆಂದರೇನು ಎಂದು ತಿಳಿಸಲು ಕಿಲೋಮೀಟರಿನ ಲೆಕ್ಕ ಬೇಡ, ತೆಂಗಿನ ಲೆಕ್ಕ ಸಾಕು. ತೋಟದಲ್ಲಿ ಸುಮಾರು 30 ಅಡಿಗೊಂದು ಸಸಿ ನೆಡುತ್ತೇವೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಎರಡು ಮರಗಳ ಅಂತರ ದಾಟುತ್ತದೆ. 90ರಲ್ಲಿ ಸುಮಾರು ಮೂರು ಮರ. ಗಾಬರಿಯಾಗಿ ಬ್ರೇಕಿನ ಮೇಲೆ ಕಾಲಿಡಲು ಹೆಚ್ಚಿನವರಿಗೆ ಒಂದು ಸೆಕೆಂಡಾದರೂ ಬೇಕು. ಆ ಮೂರು ಮರಗಳಷ್ಟು ದೂರ ವಾಹನ ಯಾರ ಹಿಡಿತದಲ್ಲೂ ಇರುವುದಿಲ್ಲ. ಬ್ರೇಕ್ ಹಿಡಿದ ಮೇಲೂ ಕಥೆ ಮುಗಿಯದು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಹತ್ತು ಕಿಲೋಮೀಟರ್ ದಾರಿಯನ್ನು 60ರಲ್ಲಿ ಹೋದರೆ ಹತ್ತು ನಿಮಿಷ, 80ರಲ್ಲಿ ಹೋದರೆ ಏಳೂವರೆ. ಉಳಿದ ಎರಡೂವರೆ ನಿಮಿಷದಲ್ಲಿ ನಾವು ಮಾಡುವುದು ಏನು? ಕೊಬ್ಬರಿ ಅಟ್ಟದಲ್ಲಿ ಒಣಗಲು ಹತ್ತು ಹನ್ನೊಂದು ತಿಂಗಳು ಕಾಯುವ ಜನ ನಾವು. ರಸ್ತೆಗಿಳಿದಾಗ ಮಾತ್ರ ಎರಡು ನಿಮಿಷದ ತಾಳ್ಮೆಯಿಲ್ಲ.

ನಮ್ಮ ರಸ್ತೆಗಳಲ್ಲಿ ಯಾರೆಲ್ಲ ಇರುತ್ತಾರೆಂದು ನಿಮಗೆ ಗೊತ್ತು. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್, ಕಾಯಿ ತುಂಬಿ ಒಂದು ಕಡೆ ವಾಲಿದ ಲಗೇಜ್ ಆಟೋ, ಗರಿಗಳನ್ನು ಎಳೆದುಕೊಂಡು ಹೋಗುವ ಹೆಂಗಸು, ಸಂಜೆ ಕಾಯಿ ಸುಲಿದು ದಣಿದು ಸೈಕಲ್ಲಿನಲ್ಲಿ ಮರಳುವ ಕೂಲಿಯವನು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಕೇಂದ್ರ ಸರಕಾರದ ವರದಿಯ ಪ್ರಕಾರ ಅದರಲ್ಲಿ 100ಕ್ಕೆ 71ರಷ್ಟು ಸಾವಿಗೆ ಅತಿವೇಗ ಕಾರಣ. ಅತ್ತ ಸೌದಿಯಲ್ಲಿ 2016ರಲ್ಲಿ 9,000ಕ್ಕೂ ಹೆಚ್ಚು ಮಂದಿ ರಸ್ತೆಯಲ್ಲಿ ಸತ್ತಿದ್ದರೆ, 2021ರ ಹೊತ್ತಿಗೆ ಆ ಸಂಖ್ಯೆ 6,700ಕ್ಕಿಂತ ಕೆಳಗಿಳಿಯಿತು. ರಸ್ತೆಗಳ ಸುಧಾರಣೆ, ಆಸ್ಪತ್ರೆಗಳ ಸಿದ್ಧತೆ ಎಲ್ಲವೂ ಇದರಲ್ಲಿವೆ. ಆದರೂ ಕ್ಯಾಮೆರಾದ ಪಾಲನ್ನು ಅಲ್ಲಗಳೆಯಲಾಗದು. ಸೋದರಳಿಯನೇ ಒಪ್ಪಿದ, ಮೊದಲಿನ ಹುಚ್ಚು ಓಟ ಈಗ ಅಲ್ಲಿಲ್ಲವಂತೆ.

ನಮ್ಮಲ್ಲಿ ದಂಡದ ಕಥೆ ಬೇರೆ ದಾರಿ ಹಿಡಿಯಿತು. 2019ರ ಸೆಪ್ಟೆಂಬರ್ 1ರಂದು ಕೇಂದ್ರದ ತಿದ್ದುಪಡಿ ಕಾಯಿದೆಯಿಂದ ದಂಡಗಳು ಒಮ್ಮೆಲೇ ಏರಿದವು. ಜನರ ಕೂಗಿಗೆ ಮಣಿದು ಕರ್ನಾಟಕ ಸರಕಾರ ಅದೇ ತಿಂಗಳು ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ಸಾವಿರ ಇದ್ದದ್ದು 500 ಆಯಿತು. ನಂತರ 2023ರ ಫೆಬ್ರವರಿಯಲ್ಲಿ ಬಾಕಿ ದಂಡ ಕಟ್ಟುವವರಿಗೆ ಶೇಕಡಾ 50 ರಿಯಾಯಿತಿ ಬಂತು. ಜನ ಸಾಲುಗಟ್ಟಿ ನಿಂತರು, ನೂರು ಕೋಟಿ ರೂಪಾಯಿಗೂ ಮೀರಿ ಹಣ ಬಂತು. ಅದೇ ವರ್ಷ ರಿಯಾಯಿತಿ ಮರುಕಳಿಸಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ. ಗೌಡರು ಅಂದು ಚಹಾ ಹೀರುತ್ತಾ, "ಈಗ್ಯಾಕೆ ಕಟ್ಟೋದು ಮೇಷ್ಟ್ರೇ, ಹಬ್ಬಕ್ಕೆ ಬಟ್ಟೆಯಂಗಡೀಲಿ ಬಿಡ್ತಾರಲ್ಲ, ಹಂಗೆ ಇದಕ್ಕೂ ಬಿಡ್ತಾರೆ, ಆಗ ಕಟ್ಟಿದ್ರಾಯ್ತು" ಎಂದರು. ತಮಾಷೆಗೆ ಹೇಳಿದ್ದಲ್ಲ, ಅವರ ಲೆಕ್ಕಾಚಾರವೇ ಅದು.

ರಿಯಾಯಿತಿ ಕೊಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಸೌದಿಯೂ 2024ರ ಏಪ್ರಿಲ್ 18ರವರೆಗಿನ ಬಾಕಿ ದಂಡಗಳಿಗೆ ಅರ್ಧ ರಿಯಾಯಿತಿ ಘೋಷಿಸಿತು. ಆದರೆ ಅಲ್ಲಿ ಒಂದು ಷರತ್ತಿತ್ತು. ಆ ಅವಧಿಯಲ್ಲಿ ಮಿತಿಗಿಂತ ತೀರಾ ಹೆಚ್ಚಿನ ವೇಗ, ಅಮಲಿನಲ್ಲಿ ಚಾಲನೆ, ರಸ್ತೆಯಲ್ಲಿ ಕಾರು ತಿರುಗಿಸುವ ಹುಚ್ಚಾಟ ಮುಂತಾದ ಅಪಾಯಕಾರಿ ತಪ್ಪು ಮಾಡಿದವನಿಗೆ ಆ ಸೌಲಭ್ಯ ಇಲ್ಲ. ತಿದ್ದಿಕೊಂಡವನಿಗೆ ಹಣ ಬಿಡುವುದು ಎಂದರೆ, ಅಬೂ ಯೂಸುಫರ(ರ) ಮಾತಿನ ವಿವರಣೆಗೆ ಎಷ್ಟು ಹತ್ತಿರ ನೋಡಿ. ನಮ್ಮಲ್ಲಿ ಇಂಥ ಷರತ್ತಿಲ್ಲ. ನಿನ್ನೆ ಅರ್ಧ ದುಡ್ಡು ಕಟ್ಟಿ ರಸೀದಿ ಪಡೆದವನು ಇಂದು ಅದೇ ವೇಗದಲ್ಲಿ ಹೋಗಬಹುದು. ಆಗ ದಂಡವೆಂಬುದು ಶಿಕ್ಷೆಯಾಗಿ ಉಳಿಯದು, ತಪ್ಪಿನ ಬೆಲೆಯಾಗುತ್ತದೆ. ಬೆಲೆ ತೆತ್ತವನಿಗೆ ನಾಚಿಕೆ ಏಕೆ?

ಬಡವ ಬಲ್ಲಿದರಿಗೆ ಒಂದೇ ದಂಡ ಎಂಬ ದೂರಿಗೂ ಪರಿಹಾರವಿಲ್ಲದಿಲ್ಲ. ಫಿನ್‌ಲ್ಯಾಂಡಿನಲ್ಲಿ ಗಂಭೀರ ಅತಿವೇಗಕ್ಕೆ ಚಾಲಕನ ಆದಾಯ ನೋಡಿ ದಂಡ ನಿಗದಿ ಮಾಡುತ್ತಾರೆ. 2002ರಲ್ಲಿ ನೋಕಿಯಾ ಕಂಪೆನಿಯ ಹಿರಿಯ ಅಧಿಕಾರಿಯೊಬ್ಬರು 50ರ ಮಿತಿಯಲ್ಲಿ 75ರ ವೇಗದಲ್ಲಿ ಮೋಟಾರ್ ಸೈಕಲ್ ಓಡಿಸಿದ್ದಕ್ಕೆ 1,16,000 ಯೂರೊ ದಂಡ ಬಿತ್ತು. ಆಮೇಲೆ ಅವರ ಆದಾಯ ಇಳಿದಿದೆ ಎಂಬ ಕಾರಣಕ್ಕೆ ಅದನ್ನು ತಗ್ಗಿಸಲಾಯಿತು. ಇದನ್ನು ಕೇಳಿದ ಟೆಂಪೊದವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಇಷ್ಟೆಲ್ಲ ಚರ್ಚೆ ಸರಕಾರದ ಮತ್ತು ನಮ್ಮ ನಡುವಿನ ಹಣದ ಬಗ್ಗೆ ಮಾತ್ರ. ಆ ಸೈಕಲ್ಲಿನ ಕೂಲಿಯವನ ಹಕ್ಕು ಎಲ್ಲಿ ಬಂತು? ರಸ್ತೆಗೂ ಅದರ ಹಕ್ಕು ಸಲ್ಲಿಸಿ ಎಂದು ಪ್ರವಾದಿವರ್ಯರು(ಸ) ಉಪದೇಶಿಸಿದ್ದಾರೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಈಮಾನಿನ ಒಂದು ಭಾಗವೆಂದಿದ್ದಾರೆ. ನಾವೇ ಆ ತೊಂದರೆಯ ವಸ್ತುವಾದರೆ? ಕೈತಪ್ಪಿ ಒಬ್ಬನನ್ನು ಕೊಂದವನ ವಿಷಯ ಪವಿತ್ರ ಕುರ್‌ಆನಿನ ನಾಲ್ಕನೆಯ ಅಧ್ಯಾಯದ 92ನೇ ಸೂಕ್ತದಲ್ಲಿದೆ. ಸತ್ತವನ ಮನೆಯವರಿಗೆ ರಕ್ತಧನ, ಅದರ ಜೊತೆಗೆ ಪ್ರಾಯಶ್ಚಿತ್ತ. ಸೌದಿಯಲ್ಲಿ ಇಂಥ ಸಾವಿಗೆ ರಕ್ತಧನ 2011ರಲ್ಲಿ ಮೂರು ಲಕ್ಷ ರಿಯಾಲಿಗೆ ಏರಿತು. ಅದನ್ನು ಹೆಚ್ಚಾಗಿ ವಿಮೆ ಕಟ್ಟುತ್ತದೆ. ಪ್ರಾಯಶ್ಚಿತ್ತವನ್ನು ಯಾವ ವಿಮೆಯೂ ಕಟ್ಟದು. ಗುಲಾಮರ ವಿಮೋಚನೆಯ ದಾರಿ ಇಂದು ಇಲ್ಲವಾದ್ದರಿಂದ ಉಳಿದದ್ದು ಎರಡು ತಿಂಗಳು ನಿರಂತರ ಉಪವಾಸ. ಚಾಲಕನೇ ಹಿಡಿಯಬೇಕು, ಮಾಲೀಕನಲ್ಲ, ಕಂಪೆನಿಯಲ್ಲ. ಸಕಾರಣವಿಲ್ಲದೆ ನಡುವೆ ಒಂದು ದಿನ ಬಿಟ್ಟರೆ ಮತ್ತೆ ಮೊದಲಿನಿಂದ. ಅರ್ಧ ರಿಯಾಯಿತಿಯ ಮಾತೇ ಇಲ್ಲ. ಇದನ್ನು ಕೇಳಿದಾಗ ಸೋದರಳಿಯ ಬಹಳ ಹೊತ್ತು ಮಾತಾಡಲಿಲ್ಲ. ಅವನಿಗೆ ಗೊತ್ತಿದ್ದ ಒಬ್ಬ ಚಾಲಕ ಅಲ್ಲಿ ಇಂಥದೇ ಪ್ರಕರಣದಲ್ಲಿ ಜೈಲಿನಲ್ಲಿದ್ದು ಬಂದಿದ್ದನಂತೆ. ಉಪವಾಸದ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲವಂತೆ.

ಅವನು ರಿಯಾದ್‌ಗೆ ಮರಳಿದ ಮೇಲೆ ಒಂದು ಜುಮಾದ ದಿನ ನಮಾಝಿಗೆ ಮುಂಚೆ ಈ ವಿಷಯವನ್ನು ಕನ್ನಡದಲ್ಲಿ ಹೇಳಿದೆ. ಮಕ್ಕಳ ಕೈಗೆ ವಾಹನ ಕೊಡುವವರ ಬಗ್ಗೆಯೂ ಹೇಳಿದೆ. ಅಪ್ರಾಪ್ತ ವಯಸ್ಸಿನವನು ವಾಹನ ಓಡಿಸಿ ಅಪರಾಧ ಮಾಡಿದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ನಮಾಝ್ ಮುಗಿದ ಮೇಲೆ ಹತ್ತನೇ ತರಗತಿಯ ಹುಡುಗನ ತಂದೆಯೊಬ್ಬರು ಹತ್ತಿರ ಬಂದರು. ಮಗ ದಿನವೂ ಟ್ಯೂಷನ್‌ಗೆ ಸ್ಕೂಟರಿನಲ್ಲಿ ಹೋಗುತ್ತಾನೆ.

"ಹಜ್ರತ್, ಆ 25,000ಕ್ಕೂ ಅರ್ಧ ರಿಯಾಯಿತಿ ಬರುತ್ತದಲ್ಲವೇ?"

ಅದು ನ್ಯಾಯಾಲಯಕ್ಕೆ ಹೋಗುವ ವಿಷಯ, ರಸೀದಿ ಹರಿದು ಕೊಟ್ಟು ಮುಗಿಸುವಂಥದ್ದಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನಿಗೆ ಹದಿನೆಂಟು ತುಂಬಲು ಇನ್ನೆಷ್ಟು ತಿಂಗಳು ಎಂದು ಬೆರಳು ಮಡಿಸಿ ಎಣಿಸತೊಡಗಿದರು.