ಎತ್ತು ಅಗ್ಗ, ಮೇವು ತುಟ್ಟಿ

ಫೇಡೆಯ ಊರಿನಲ್ಲಿದ್ದು ಸಕ್ಕರೆ ಕಾಯಿಲೆ ಅಂಟಿಸಿಕೊಳ್ಳುವುದೆಂದರೆ ಹೊಳೆಯ ದಂಡೆಯಲ್ಲಿ ಕುಳಿತು ನೀರು ಮುಟ್ಟೆನೆಂದು ವ್ರತ ಹಿಡಿದ ಹಾಗೆ. ನಲವತ್ತು ದಾಟಿದೊಡನೆ ಆ ವ್ರತ ನನಗೂ ಬಂತು. ಅಂದಿನಿಂದ ಧಾರವಾಡದ ಲಕಮನಹಳ್ಳಿಯ ನಮ್ಮ ಮನೆಯಲ್ಲಿ ಪಂಚಾಂಗದ ಪಕ್ಕಕ್ಕೆ ಗ್ಲುಕೋಮೀಟರು ಕುಳಿತಿದೆ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಸ್ಟ್ರಿಪ್ಪಿಗೆ ತಾಗಿಸಿದರೆ ಅಂಕ ಹೇಳುತ್ತದೆ. ಅಂಕ ಹೆಚ್ಚು ಬಂತೆಂದು ಮುಖ ಬಾಡಿಸುವ ಪರೀಕ್ಷಾರ್ಥಿಗಳು ಪ್ರಪಂಚದಲ್ಲಿ ನಾವಷ್ಟೇ ಇರಬೇಕು.

ನಮ್ಮ ಹಿಂದಿನ ಮನೆಯ ಅಜ್ಜಿಯ ಬಳಿಯೂ ಇಂಥದೊಂದು ಯಂತ್ರವಿದೆ. ಮಗ ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ದಿನಗೂಲಿ. ಯಂತ್ರವನ್ನೇನೋ ಒಮ್ಮೆ ಕೊಂಡರಾಯಿತು. ಸ್ಟ್ರಿಪ್ಪು ಹಾಗಲ್ಲ, ಒಂದಕ್ಕೆ 15–20 ರೂಪಾಯಿ, ಒಮ್ಮೆ ಬಳಸಿದರೆ ಕಸ. ಒಂದು ಕಂಪನಿಯದು ಇನ್ನೊಂದರ ಯಂತ್ರಕ್ಕೆ ಒಗ್ಗುವುದೂ ಇಲ್ಲ. ಎತ್ತು ಅಗ್ಗ, ಮೇವು ತುಟ್ಟಿ! ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುವ ಅಜ್ಜಿ ಆ ಸ್ಟ್ರಿಪ್ಪುಗಳನ್ನು ಹಬ್ಬಕ್ಕೆಂದು ಎತ್ತಿಟ್ಟ ತುಪ್ಪದಂತೆ ಕಾಯುತ್ತಿದ್ದರು. ನಾನು ಆಕ್ಷೇಪಿಸಿದರೆ, “ಮೈಗೆ ಆರಾಮ ಐತ್ರಿ ಮಾಸ್ತರ, ಸುಮ್ಮನ ಒಂದು ಯಾಕ ಕೆಡಸೂದ್ರಿ?” ಎನ್ನುವರು.

ಕಳೆದ ಶ್ರಾವಣದ ಒಂದು ಸೋಮವಾರ ಉಪವಾಸವಿದ್ದೂ ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡುಬಿಟ್ಟರು. ಮೊಮ್ಮಗಳು ಓಡಿಬಂದಳು. ಹೋಗಿ ನೋಡಿದರೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. 70ರ ಕೆಳಗಿಳಿದರೆ ಅಪಾಯ. ನನ್ನ ಯಂತ್ರ 48 ಎಂದಿತು. ಸಕ್ಕರೆ ನೀರು ಕುಡಿಸಿ, ಕಾಲು ಗಂಟೆಯ ಮೇಲೆ ಮತ್ತೆ ನೋಡಿದೆವು. ದಿನವೂ ಸಕ್ಕರೆಯನ್ನು ಬೈಯುವ ನಾನು ಅಂದು ಅದಕ್ಕೆ ಕೈಮುಗಿದೆ. ಚೇತರಿಸಿಕೊಂಡ ಅಜ್ಜಿ ಮೊದಲು ಕೇಳಿದ್ದು: “ಎಷ್ಟು ಸ್ಟ್ರಿಪ್ಪು ಹೋದುವ್ರಿ?”

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಇನ್ಸುಲಿನ್ ಎಲ್ಲರಿಗೂ ಸಿಗಲೆಂದು ಅದನ್ನು ಕಂಡುಹಿಡಿದವರು 1923ರಲ್ಲಿ ತಮ್ಮ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಂದೊಂದು ಡಾಲರಿಗೆ ಬರೆದುಕೊಟ್ಟರು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ, ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ ದಿನಕ್ಕೆ ಅಮೆರಿಕದ 10 ಸೆಂಟಿಗಿಂತ ಕಡಿಮೆಗೆ ಇನ್ಸುಲಿನ್ ಕೊಡುವುದಾಗಿ 2019ರಲ್ಲಿ ಸಾರಿತು. ಮದ್ದಿನ ಬಗ್ಗೆ ಇಷ್ಟಾದರೂ ಯೋಚನೆ ನಡೆದಿದೆ. ಆದರೆ ಅಳೆಯದೆ ಇನ್ಸುಲಿನ್ ಚುಚ್ಚಿಕೊಳ್ಳುವುದು ಕಣ್ಣು ಕಟ್ಟಿಕೊಂಡು ಬಾಣ ಬಿಟ್ಟಂತೆ. ತೋಳಿಗೆ ಅಂಟಿಸಿಕೊಂಡರೆ ಹಗಲಿರುಳೂ ಲೆಕ್ಕ ಹೇಳುವ, ನಾಣ್ಯದಷ್ಟಗಲದ ಸೆನ್ಸರು ಬಂದಿದೆ. ಎರಡು ವಾರ ಬಾಳುವ ಅದಕ್ಕೆ ಕೆಲವು ಸಾವಿರ ರೂಪಾಯಿ. ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅವರಲ್ಲಿ ಎಷ್ಟು ಜನರ ತೋಳಿಗೆ ಅದು ಎಟುಕೀತು? ಸೆನ್ಸರು ಹಾಗಿರಲಿ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸರಕಾರಿ ದವಾಖಾನೆಯಲ್ಲಿ ಗುಳಿಗೆಯ ಜೊತೆಗೆ ತಿಂಗಳಿಗಿಷ್ಟು ಸ್ಟ್ರಿಪ್ಪುಗಳೆಂದು ಕೈಗಿತ್ತರೂ ಸಾಕು, ಅಜ್ಜಿಯಂಥವರು ಎಣಿಸುವುದನ್ನು ಬಿಟ್ಟಾರು.

ಈಗ ಅಜ್ಜಿ ಬೆಳಿಗ್ಗೆ ನಮ್ಮ ಮನೆಗೇ ಬಂದು ಬೆರಳು ಚಾಚುತ್ತಾರೆ. ಅವರಿಗೆಂದು ಹೊಸ ಸೂಜಿ ತೆಗೆಯುತ್ತೇನೆ. ನನ್ನ ಡಬ್ಬಿ ಬೇಗ ಬರಿದಾಗುತ್ತದೆ. ತಿಂಗಳ ಕೊನೆಗೆ ನನ್ನ ಸರದಿ ಬಂದಾಗ ಒಳಗೆ ಇಣುಕಿ ನೋಡಿ ಮುಚ್ಚಳ ಹಾಕುತ್ತೇನೆ. ಮೈಗೆ ಆರಾಮವಿದೆ, ಸುಮ್ಮನೆ ಒಂದು ಏಕೆ ಕೆಡಿಸುವುದು?