ಆಟಿಕೆ ರೈಲಿನ ಸಂಘವೂ ನನ್ನ ಎಡಗಾಲೂ



ನನ್ನ ಸೋದರಮಾವನವರು ಅರಸೀಕೆರೆ–ಹಾಸನ ಮಾರ್ಗದ ಒಂದು ಸಣ್ಣ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ಬೇಸಿಗೆ ರಜೆ ಬಂತೆಂದರೆ ನಮ್ಮನ್ನೆಲ್ಲ ಅಲ್ಲಿಗೆ ಕಳುಹಿಸುತ್ತಿದ್ದರು. ಆಗ ಅದು ಮೀಟರ್ ಗೇಜ್ ಮಾರ್ಗ, ಒಂಟಿ ಹಳಿ. ಮುಂದಿನ ನಿಲ್ದಾಣದವರೆಗೆ ಹಳಿ ಖಾಲಿ ಇದೆಯೆಂಬುದಕ್ಕೆ ಗುರುತಾಗಿ ಒಂದು ಲೋಹದ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ, ಎಂಜಿನ್ನಿನವರ ಕೈಗೆ ಕೊಡಬೇಕಾಗಿತ್ತು. ಆ ಟೋಕನ್ ಕೈಸೇರದೆ ಗಾಡಿ ಮುಂದೆ ಹೋಗುವಂತಿರಲಿಲ್ಲ. ಬಳೆಯನ್ನು ಎತ್ತಿ ಹಿಡಿದು ನಿಲ್ಲುವ ಆಳಿನ ಹಿಂದೆ ಮಾವನ ಮಕ್ಕಳು ಪ್ಲಾಟ್‌ಫಾರಮ್ಮಿನ ತುದಿಯವರೆಗೆ ಓಡುತ್ತಿದ್ದರು. "ನೀನು ಇಲ್ಲೇ ಕೂತು ನೋಡು ಪುಟ್ಟಾ, ಇಲ್ಲಿಂದ ಚೆನ್ನಾಗಿ ಕಾಣುತ್ತೆ" ಎಂದು ಮಾವನವರು ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸುತ್ತಿದ್ದರು. ಅವರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ನನ್ನ ಎಡಗಾಲನ್ನು ನೀವೆಲ್ಲ ಬಲ್ಲಿರಿ. ಮೂರನೆಯ ವಯಸ್ಸಿನಲ್ಲಿ ಬಂದ ಪೋಲಿಯೊ ಅದನ್ನು ಬಲಗಾಲಿಗಿಂತ ಗಿಡ್ಡವಾಗಿಯೂ ಸಣ್ಣದಾಗಿಯೂ ಮಾಡಿತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಆರಂಭವಾದದ್ದು 1995ರಲ್ಲಿ. ಭಾರತ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ದೊರೆತದ್ದು 2014ರ ಮಾರ್ಚಿಯಲ್ಲಿ. ಆ ದಿನ ಪತ್ರಿಕೆಯನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕ್ಯಾಲಿಪರ್ ಕಟ್ಟಿಕೊಂಡು, ಕೋಲು ಹಿಡಿದು ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಪಾಠ ಮಾಡಿದೆ. ಈಗ ಹೇಳಹೊರಟಿರುವುದು ಆ ಕಾಲಿನ ಕಥೆಯನ್ನಲ್ಲ, ಆ ಕಲ್ಲುಬೆಂಚಿನ ಕಥೆಯನ್ನು.

2023ರಲ್ಲಿ ನಾನೂ ನನ್ನಾಕೆಯೂ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗಿದ್ದೆವು. ಅಲ್ಲಿನ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯವನ್ನು ನಾನು ಮೂರು ಸಲ ನೋಡಿದ್ದು ಕಂಡು ಮಗಳು, "ಅಪ್ಪಾ, ಇಲ್ಲೇ ಹತ್ತಿರದಲ್ಲಿ ಆಟಿಕೆ ರೈಲು ಕಟ್ಟುವವರ ಸಂಘ ಇದೆ. ಹೋಗಿ ಸೇರಿಕೊಳ್ಳಿ" ಎಂದಳು. ಈ ವಯಸ್ಸಿನಲ್ಲಿ ಆಟಿಕೆಯೇ ಎಂದು ನಕ್ಕೆ. ಆದರೂ ಒಂದು ಸಂಜೆ ಅವಳು ಕಾರಿನಲ್ಲಿ ಕರೆದೊಯ್ದು ಬಿಟ್ಟಳು.

ಹಳೆಯ ಸಭಾಭವನವೊಂದರ ಹಿಂಭಾಗದ ಕೋಣೆ. ಹತ್ತು ಹನ್ನೆರಡು ಮಂದಿ, ಬಹುಪಾಲು ನನ್ನ ವಯಸ್ಸಿನವರೇ. ಕೋಣೆಯ ನಡುವೆ ಹಲಗೆಗಳ ಮೇಲೆ ಒಂದು ಊರು: ನಿಲ್ದಾಣ, ಸೇತುವೆ, ಸುರಂಗ, ಬೆರಳುದ್ದದ ಮರಗಳು. ಇಂತಹದಕ್ಕೆ ಅವರು 'ಲೇಔಟ್' ಎನ್ನುತ್ತಾರೆ. ನಮ್ಮಲ್ಲಿ ಲೇಔಟ್ ಎಂದರೆ ನಿವೇಶನಗಳ ಬಡಾವಣೆ. ನನಗೆ ಅದನ್ನು ಕೇಳಿದಾಗಲೆಲ್ಲ ನಗು ಬರುತ್ತಿತ್ತು.

ಇದರಲ್ಲಿ ಲೆಕ್ಕದ ಒಂದು ಸ್ವಾರಸ್ಯವಿದೆ. ಮೇಷ್ಟ್ರ ಚಾಳಿ, ಹೇಳದೆ ಇರಲಾರೆ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ 'ಡಬಲ್ ಓ' ಅಳತೆಯಲ್ಲಿ ಗಾಡಿಗಳು ನಿಜದ ಗಾಡಿಯ 76.2ರಲ್ಲಿ ಒಂದು ಪಾಲು ಇರುತ್ತವೆ. ಅಲ್ಲಿನ ನಿಜದ ಹಳಿಗಳ ನಡುವಿನ ಅಂತರ 1435 ಮಿಲಿಮೀಟರ್. ಆ ಲೆಕ್ಕದಂತೆ ಆಟಿಕೆಯ ಹಳಿಯ ಅಂತರ ಸುಮಾರು 18.8 ಮಿಲಿಮೀಟರ್ ಇರಬೇಕು. ಇರುವುದು ಹದಿನಾರೂವರೆ! ಬ್ರಿಟನ್ನಿನ ಎಂಜಿನ್ನುಗಳು ಯೂರೋಪಿನವುಗಳಿಗಿಂತ ಚಿಕ್ಕವು. ಅಂದಿನ ಮೋಟಾರು ಅವುಗಳ ಪುಟ್ಟ ಒಡಲಿನಲ್ಲಿ ಹಿಡಿಯಲಿಲ್ಲವಾಗಿ ಒಡಲನ್ನು ಹಿಗ್ಗಿಸಿ ಹಳಿಯನ್ನು ಹಾಗೆಯೇ ಉಳಿಸಿಕೊಂಡರು. ಅಂದಿನಿಂದ ಇಂದಿನವರೆಗೂ ಈ ಸೊಟ್ಟು ಲೆಕ್ಕದ ಮೇಲೆಯೇ ಗಾಡಿಗಳು ಸೊಗಸಾಗಿ ಓಡುತ್ತಿವೆ. ಒಂದು ಕಾಲು ಗಿಡ್ಡವಾದವನಿಗೆ ಇದು ಕೇಳಲು ಹಿತವಾದ ಸಂಗತಿ.

ಲೇಔಟ್ ಕೋಣೆಯನ್ನು ಸುತ್ತುವರಿದ ಬಳೆಯಂತಿತ್ತು. ಗಾಡಿ ಓಡಿಸುವವರು ಬಳೆಯ ಒಳಗೆ ನಿಲ್ಲಬೇಕು. ಒಳಗೆ ಹೋಗಲು ಬಾಗಿಲಿಲ್ಲ. ಎದೆಮಟ್ಟದ ಹಲಗೆಯ ಕೆಳಗೆ ಬಗ್ಗಿ ನುಸುಳಬೇಕು. ಎಪ್ಪತ್ತು ದಾಟಿದವರೂ ಗೊಣಗುತ್ತ ನುಸುಳುತ್ತಿದ್ದರು. ಕ್ಯಾಲಿಪರ್ ಕಟ್ಟಿದ ನನ್ನಿಂದ ಅದು ಆಗದ ಮಾತು. ಕಾರ್ಯದರ್ಶಿಯವರು ತಕ್ಷಣ ಒಂದು ಮೆತ್ತೆಯ ಕುರ್ಚಿ ತಂದು, ಹೊರಗಡೆ, ನಿಲ್ದಾಣ ಚೆನ್ನಾಗಿ ಕಾಣುವ ಕಡೆ ಹಾಕಿಸಿದರು. ಚಹಾ ಬಂತು, ಬಿಸ್ಕತ್ತು ಬಂತು. ಮೂರು ವಾರ ಹಾಗೆಯೇ ಕಳೆಯಿತು. ಮನೆಯಲ್ಲಿ ಮಗಳು ಕೇಳಿದಾಗ "ಬಹಳ ಸಜ್ಜನರು" ಎಂದೆ. ನಿಜವೇ.

ನಾಲ್ಕನೆಯ ವಾರ, ಒಂದು ಕಾಲಕ್ಕೆ ಬಡಗಿಯಾಗಿದ್ದ ಹಿರಿಯರೊಬ್ಬರು ಚಹಾದ ಲೋಟ ಹಿಡಿದು ಪಕ್ಕದಲ್ಲಿ ನಿಂತು, "ನಿಮಗೆ ನೋಡುವುದು ಇಷ್ಟವೋ, ಓಡಿಸುವುದು ಇಷ್ಟವೋ?" ಎಂದು ಕೇಳಿದರು. "ನೋಡಿದರೆ ಸಾಕು, ತೊಂದರೆ ತೆಗೆದುಕೊಳ್ಳಬೇಡಿ" ಎಂದೆ. ಅರುವತ್ತು ವರ್ಷಗಳಿಂದ ನಾಲಗೆಯ ತುದಿಯಲ್ಲೇ ಇದ್ದ ಉತ್ತರ ಅದು. ಆ ರಾತ್ರಿ ನಿದ್ರೆ ಬರಲಿಲ್ಲ. ಯಾರೂ ಕೇಳದಿದ್ದಾಗ ನೊಂದುಕೊಂಡಿದ್ದೆ. ಈಗ ಒಬ್ಬರು ನೇರವಾಗಿ ಕೇಳಿದರೂ ನಿಜ ಹೇಳಲಿಲ್ಲವಲ್ಲ! ಮುಂದಿನ ವಾರ ಹೋದವನೇ ಆ ಬಡಗಿಯ ಬಳಿ, "ಅಂದು ಸುಳ್ಳು ಹೇಳಿದೆ. ನನಗೆ ಓಡಿಸಬೇಕು" ಎಂದೆ. ಅವರು ನಗಲಿಲ್ಲ. ಜೇಬಿನಿಂದ ಅಳತೆಯ ಟೇಪು ತೆಗೆದರು.

ಬ್ರಿಟನ್ನಿನ 2010ರ ಸಮಾನತಾ ಕಾಯಿದೆಯಂತೆ ಇಪ್ಪತ್ತೈದು ಮತ್ತು ಅದಕ್ಕೂ ಹೆಚ್ಚು ಸದಸ್ಯರಿರುವ ಸಂಘಗಳು ಅಂಗವಿಕಲ ಸದಸ್ಯರಿಗೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕು. ಅಂಗವಿಕಲರ ಹಕ್ಕುಗಳ ಕುರಿತ ನಮ್ಮ 2016ರ ಕಾಯಿದೆಯೂ ಇಂತಹ ಹೊಂದಾಣಿಕೆಯ ಮಾತನ್ನು ಆಡುತ್ತದೆ. ಆದರೆ ಆ ಕೋಣೆಯಲ್ಲಿ ಕಾಯಿದೆಯ ಹೆಸರನ್ನು ಯಾರೂ ಎತ್ತಲಿಲ್ಲ. ಹಲಗೆಯನ್ನು ಎಲ್ಲಿ ಕೊಯ್ಯಬೇಕೆಂಬುದಷ್ಟೇ ಚರ್ಚೆ.

ಎರಡೂವರೆ ಅಡಿ ಅಗಲದ ಒಂದು ಭಾಗವನ್ನು ಕೊಯ್ದು, ಕೀಲು ಹಾಕಿ, ಮೇಲಕ್ಕೆತ್ತುವ ಕದವನ್ನಾಗಿ ಮಾಡುವುದೆಂದು ತೀರ್ಮಾನವಾಯಿತು. ಸುಲಭವೆಂದು ತೋರುತ್ತದೆ, ಸುಲಭವಲ್ಲ. ಕೀಲನ್ನು ಹಳಿಯ ಮಟ್ಟಕ್ಕಿಂತ ಎತ್ತರದಲ್ಲಿ ಕೂರಿಸಬೇಕು. ಇಲ್ಲವಾದರೆ ಕದ ಏಳುವಾಗ ಹಳಿಯ ತುದಿಗಳು ಒಂದಕ್ಕೊಂದು ಒತ್ತಿ ಬಾಗುತ್ತವೆ. ಮುಚ್ಚಿದಾಗ ಹಳಿಗಳು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕದ ತೆರೆದಿರುವಾಗ ಗಾಡಿಯೊಂದು ಓಡಿಬಂದರೆ ನಾಲ್ಕಡಿ ಕೆಳಗೆ ನೆಲಕ್ಕೆ ಬಿದ್ದು ಪುಡಿಯಾಗುತ್ತದೆ.

ಈ ಕಡೆಯ ಸಮಸ್ಯೆಯನ್ನು ನಾನು ಕೇಳಿ ಪಡೆದೆ. ಅಲ್ಲಿ ಗಾಡಿ ಓಡುವುದು ಹಳಿಯಲ್ಲಿ ಹರಿಯುವ 12 ವೋಲ್ಟ್ ಏಕಮುಖ ವಿದ್ಯುತ್ತಿನಿಂದ. ಕದದ ಎರಡೂ ಬದಿಯಲ್ಲಿ ಒಂದೊಂದು ಮೀಟರ್ ಹಳಿಯನ್ನು ಉಳಿದ ಹಳಿಯಿಂದ ಬೇರ್ಪಡಿಸಿ, ಅದರ ವಿದ್ಯುತ್ತು ಕದದ ಅಡಿಯ ಸಣ್ಣ ಸ್ವಿಚ್ಚಿನ ಮೂಲಕವೇ ಹಾಯುವಂತೆ ತಂತಿ ಜೋಡಿಸಿದೆ. ಕದ ಮುಚ್ಚಿದ್ದರೆ ಸ್ವಿಚ್ಚು ಒತ್ತಿಕೊಂಡಿರುತ್ತದೆ. ಎತ್ತಿದೊಡನೆ ವಿದ್ಯುತ್ತು ಕಡಿದು, ಬರುತ್ತಿರುವ ಗಾಡಿ ಅಲ್ಲಿಯೇ ನಿಲ್ಲುತ್ತದೆ. ಹತ್ತನೆಯ ತರಗತಿಯಲ್ಲಿ ನಿಮಗೆಲ್ಲ ಕಲಿಸಿದ ಸರಣಿ ಜೋಡಣೆಯೇ, ಬೇರೇನಲ್ಲ. ಬೆಸುಗೆ ಹಾಕುತ್ತ ಒಂದು ಸಂಜೆ ಹೋದದ್ದೇ ತಿಳಿಯಲಿಲ್ಲ. ನನ್ನ ಬಾಲ್ಯದ ಟೋಕನ್ನಿನ ಕೆಲಸವನ್ನೇ ಈ ಪುಟ್ಟ ಸ್ವಿಚ್ಚು ಮಾಡುತ್ತಿದೆಯೆಂದು ಹೊಳೆದಾಗ ಮಾವನವರ ನೆನಪಾಯಿತು.

ಕದ ಸಿದ್ಧವಾದ ದಿನ ಕೋಲೂರಿಕೊಂಡು, ನೆಟ್ಟಗೆ ನಡೆದು ಒಳಗೆ ಹೋದೆ. ಎತ್ತರದ ಸ್ಟೂಲು ಹಾಕಿದ್ದರು. ಕೈಗೆ ಕಂಟ್ರೋಲರ್ ಕೊಟ್ಟರು. ನಾಲ್ಕು ಬೋಗಿಯ ಗಾಡಿಯನ್ನು ಮೆಲ್ಲನೆ ಹೊರಡಿಸಿ, ಸುರಂಗ ದಾಟಿಸಿ, ನಿಲ್ದಾಣಕ್ಕೆ ತರುವಾಗ ಕೈ ತಡವಾಯಿತು. ಎಂಜಿನ್ನು ಹಳಿಯ ಕೊನೆಯ ತಡೆಗೆ ಗುದ್ದಿ ಪಕ್ಕಕ್ಕೆ ವಾಲಿತು. "ಏನ್ರೀ, ನೋಡಿಕೊಂಡು ಓಡಿಸಬಾರದೆ? ಅದು ನನ್ನ ಎಂಜಿನ್ನು!" ಎಂಬ ಧಾಟಿಯಲ್ಲಿ ಒಬ್ಬರು ಚೆನ್ನಾಗಿಯೇ ಗದರಿದರು. ನನಗೆ ಕಣ್ಣು ತುಂಬಿಬಂತು. ಅವರು ಬೈದದ್ದಕ್ಕೆ ನೊಂದೆನೆಂದು ತಿಳಿದು ಗಾಬರಿಯಾದರು. ಅವರಿಗೆ ಹೇಗೆ ವಿವರಿಸಲಿ? ಕುರ್ಚಿಯಲ್ಲಿ ಕುಳಿತವನನ್ನು ಯಾರೂ ಗದರುವುದಿಲ್ಲ. ಆ ಬಳಿಕ ಕದದಿಂದ ಒಳಬರುವವನು ನಾನೊಬ್ಬನೇ ಆಗಿ ಉಳಿಯಲಿಲ್ಲ. ಮಂಡಿನೋವಿನವರೆಲ್ಲ ಅತ್ತಲೇ ಬರತೊಡಗಿದರು.

ಈ ಬರಹದ ಉದ್ದೇಶ ಇಲ್ಲಿಗೆ ಮುಗಿಯುವುದಿಲ್ಲ. ಆ ರಾತ್ರಿ ಮನೆಗೆ ಬಂದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ತೊಂಬತ್ತರ ದಶಕದವನು, ಎರಡು ಊರುಗೋಲುಗಳ ಹುಡುಗ. ಪ್ರಯೋಗಶಾಲೆ ಮಹಡಿಯ ಮೇಲಿತ್ತು, ಮೆಟ್ಟಿಲು ಕಡಿದು. ನಾನು ಅವನ ಮೇಲಿನ ಮರುಕದಿಂದಲೇ ಒಂದು ಏರ್ಪಾಡು ಮಾಡಿದ್ದೆ: ಅವನು ಕೆಳಗೆ ತರಗತಿಯಲ್ಲಿ ಕುಳಿತು ಗೆಳೆಯನ ಪುಸ್ತಕ ನೋಡಿ ಪ್ರಯೋಗದ ದಾಖಲೆಯನ್ನು ಬರೆದುಕೊಂಡರೆ ಸಾಕು. ಅಕ್ಷರ ದುಂಡಗಿತ್ತು, ಪೂರ್ತಿ ಅಂಕ ಕೊಟ್ಟೆ. ಅಶ್ರಗ, ಮಸೂರ, ಕಾಂತಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಕೆಳಗೆ ತರಿಸಬಹುದೆಂದು ನನಗೆ ಹೊಳೆಯಲಿಲ್ಲ. ಬೇರೆ ಯಾರಿಗಾದರೂ ಹೊಳೆಯದಿದ್ದರೆ ಕ್ಷಮಿಸಬಹುದು. ಕಲ್ಲುಬೆಂಚಿನ ಮೇಲೆ ಬಾಲ್ಯ ಕಳೆದ ನನಗೇ ಹೊಳೆಯಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ಅವನ ದೂರವಾಣಿ ಸಂಖ್ಯೆ ಹುಡುಕಿ ಮಾತನಾಡಿದೆ. ವಿಷಯ ಹೇಳಿ, ತಪ್ಪಾಯಿತಪ್ಪಾ ಎಂದೆ. "ಅಯ್ಯೋ, ಬಿಡಿ ಸಾರ್, ನೀವು ಒಳ್ಳೆಯದಕ್ಕೇ ಮಾಡಿದ್ರಿ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲಿನಿಂದ ನೀವೆಲ್ಲ ನಗೋದು ಕೇಳಿಸ್ತಿತ್ತು ಸಾರ್. ಯಾಕೆ ನಗ್ತಿದ್ದಾರೋ ಅಂತ ಅಂದುಕೊಳ್ತಿದ್ದೆ" ಎಂದ. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ನಿಮ್ಮಲ್ಲಿ ಹಲವರು ಇಂದು ಉಪಾಧ್ಯಾಯರಾಗಿದ್ದೀರಿ, ಸಂಘ ಸಂಸ್ಥೆಗಳನ್ನು ನಡೆಸುತ್ತಿದ್ದೀರಿ. ನಡೆಯಲಾರದವರು, ಕಾಣಲಾರದವರು, ಕೇಳಲಾರದವರು ನಿಮ್ಮ ಬಾಗಿಲಿಗೆ ಬಂದರೆ ಕುರ್ಚಿ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅವರಿಗೆ ಏನು ಮಾಡುವ ಆಸೆಯೆಂದು ಕೇಳಿ. ಮೊದಲ ಸಲ "ಏನೂ ಬೇಡ" ಎಂದರೆ ನಂಬಬೇಡಿ. ಮುಂದಿನ ವಾರ ಮತ್ತೊಮ್ಮೆ ಕೇಳಿ. ನಿಮ್ಮ ಶಾಲೆಯ ಪ್ರಯೋಗಶಾಲೆ ಮಹಡಿಯ ಮೇಲಿದ್ದರೆ, ಬರುವ ಜೂನ್ ತಿಂಗಳಿಗೆ ಮುನ್ನ ಅದನ್ನು ಕೆಳಗಿಳಿಸಲು ಸಾಧ್ಯವೇ ನೋಡಿ. ಆಗದಿದ್ದರೆ ಒಂದು ಬುಟ್ಟಿಯನ್ನಾದರೂ ಕೊಂಡಿಡಿ.

ನಿಮ್ಮ ಮೇಷ್ಟ್ರು