ಕುದಿಯುತ್ತ ಗಡ್ಡೆಕಟ್ಟಿದುದು

ಕುದಿಯುವ ಪದಾರ್ಥವು ಬಿಸಿಯಾಗಿಯೇ ಇರಬೇಕೆಂಬುದು ನಮ್ಮ ಅರವತ್ತು ವರ್ಷಗಳ ಜೀವಿತದಲ್ಲಿ ಐವತ್ತೊಂಬತ್ತು ವರ್ಷಗಳ ಕಾಲ ನಾವು ಸಂಶಯಿಸದೆ ಇದ್ದ ಮಾತು. ಒಲೆಯ ಮೇಲಿನ ಹಾಲು ಕುದಿಯುತ್ತದೆ. ಮುಟ್ಟಿದರೆ ಕೈ ಸುಡುತ್ತದೆ. ಇದಕ್ಕೆ ಬೇರೆ ಪ್ರಮಾಣವೇಕೆ? ಪ್ರತ್ಯಕ್ಷವನ್ನು ಮೊದಲನೆಯ ಪ್ರಮಾಣವೆಂದು ನಮ್ಮ ನೈಯಾಯಿಕರೂ ಒಪ್ಪಿದ್ದಾರೆ. ಆದರೆ ಅದೇ ಪ್ರತ್ಯಕ್ಷವು ಕಳೆದ ವರ್ಷ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮ್ಮನ್ನು ತಲೆತಗ್ಗಿಸುವಂತೆ ಮಾಡಿತು. ಅದನ್ನು ವಾಚಕರಿಗೆ ಹೇಳುವುದಕ್ಕೆ ಮುಂಚೆ ನಾವು ಮೂವತ್ತು ವರ್ಷಗಳ ಹಿಂದೆ ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ಆಗ ನಾವು ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತದ ಉಪಾಧ್ಯಾಯರಾಗಿದ್ದೆವು. ವಿಜ್ಞಾನದ ಮೇಷ್ಟ್ರು ರಜೆಯ ಮೇಲೆ ಹೋಗಿದ್ದ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗರನ್ನು ಗದ್ದಲವಿಲ್ಲದಂತೆ ಕೂರಿಸುವ ಭಾರವು ನಮ್ಮ ಪಾಲಿಗೆ ಬಂದಿತು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಮೇಷ್ಟ್ರೇ, ಗಾಳಿಯನ್ನು ತೆಗೆದುಬಿಟ್ಟ ಗಾಜಿನ ಪಾತ್ರೆಯಲ್ಲಿಟ್ಟರೆ ನೀರು ಕುದಿಯುತ್ತ ಕುದಿಯುತ್ತಲೇ ಮಂಜುಗಡ್ಡೆಯಾಗುತ್ತದೆಯಂತೆ. ವಾಚನಾಲಯದ ಪುಸ್ತಕದಲ್ಲಿ ಬರೆದಿದೆ. ಅದು ನಿಜವೇ?” ಎಂದು ಕೇಳಿದನು.

“ನಮಗೆ ತಿಳಿಯದು, ನಿಮ್ಮ ವಿಜ್ಞಾನದ ಮೇಷ್ಟ್ರು ಬಂದಮೇಲೆ ಕೇಳು” ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾವು ಹಾಗೆ ಮಾಡಲಿಲ್ಲ. ನೀರಿನ ಲಕ್ಷಣವು ಶೀತಸ್ಪರ್ಶವೆಂದೂ, ತೇಜಸ್ಸಿನ ಲಕ್ಷಣವು ಉಷ್ಣಸ್ಪರ್ಶವೆಂದೂ, ಕಾದ ನೀರಿನಲ್ಲಿ ನಮಗೆ ತೋರುವ ಬಿಸಿಯು ಅದರೊಳಗೆ ಸೇರಿಕೊಂಡ ತೇಜಸ್ಸಿನದೇ ಹೊರತು ನೀರಿನದಲ್ಲವೆಂದೂ ತರ್ಕಶಾಸ್ತ್ರದ ಕ್ರಮದಲ್ಲಿ ವಿವರಿಸಿದೆವು. ಹೀಗಿರಲು, ಕುದಿಯುವಷ್ಟು ತೇಜಸ್ಸು ತುಂಬಿದ ನೀರು ಅದೇ ಕ್ಷಣದಲ್ಲಿ ಹೆಪ್ಪುಗಟ್ಟುವುದೆಂದರೆ ಬಂಜೆಯ ಮಗನು ಮದುವೆಗೆ ಹೊರಟಂತೆ ಎಂದೆವು. ತರಗತಿಯು ಗೊಳ್ಳೆಂದು ನಕ್ಕಿತು. ಹುಡುಗನು ಮಾತ್ರ ಕುಳಿತುಕೊಳ್ಳದೆ, “ಪುಸ್ತಕದಲ್ಲಿ ಚಿತ್ರವೂ ಇದೆ, ಮೇಷ್ಟ್ರೇ” ಎಂದನು. ಅದು ನಮಗೆ ಉದ್ಧಟತನವಾಗಿ ಕಂಡಿತು. ನೀರೆಂಬ ಅರ್ಥದ ‘ಅಪ್’ ಶಬ್ದವನ್ನು ಏಳು ವಿಭಕ್ತಿಗಳಲ್ಲಿಯೂ ಐವತ್ತು ಸಲ ಬರೆದು ತರುವಂತೆ ಅಪ್ಪಣೆಮಾಡಿದೆವು. ವಾಚನಾಲಯವು ನಮ್ಮ ಕೊಠಡಿಗೆ ಇಪ್ಪತ್ತು ಹೆಜ್ಜೆಗಳ ದೂರದಲ್ಲಿತ್ತು; ಆ ಪುಸ್ತಕವನ್ನು ನಾವು ತೆಗೆದು ನೋಡಲಿಲ್ಲ. ಮಾರನೆಯ ದಿನ ಹುಡುಗನು ಐವತ್ತು ಸಲ ಬರೆದು ತಂದು ಒಪ್ಪಿಸಿದನು. ಆ ಮೇಲೆ ಅವನು ಪ್ರಶ್ನೆಗಳನ್ನು ಕೇಳಿದುದು ನಮಗೆ ನೆನಪಿಲ್ಲ.

ನಮ್ಮ ಮಗಳು ಈಗ ಭೌತವಿಜ್ಞಾನದಲ್ಲಿ ಎಂ. ಎಸ್‌ಸಿ. ಓದುತ್ತಿದ್ದಾಳೆ. ಕಳೆದ ವರ್ಷ ಅವಳ ಕಾಲೇಜಿನಲ್ಲಿ ಪ್ರಯೋಗಗಳನ್ನು ತಂದೆತಾಯಿಗಳಿಗೆ ತೋರಿಸುವ ಒಂದು ದಿನವನ್ನು ಏರ್ಪಡಿಸಿದ್ದರು. ಮೇಜಿನ ಮೇಲೆ ದಪ್ಪ ಗಾಜಿನ ಗಂಟೆಯಾಕಾರದ ಮುಚ್ಚಳ. ಅದರ ಕೆಳಗಿನಿಂದ ಗಾಳಿಯನ್ನು ಸೆಳೆಯುವ ಪಂಪಿಗೆ ಒಂದು ಕೊಳವೆ. ಮಗಳು ಕೈಗೆ ದಪ್ಪ ಚೀಲವನ್ನು ತೊಟ್ಟು, ಉಕ್ಕಿನ ಜಾಡಿಯಿಂದ ಒಂದು ಲೋಟಕ್ಕೆ ನೀರಿನಂತೆ ತಿಳಿಯಾದ ದ್ರವವನ್ನು ಬಗ್ಗಿಸಿದಳು. ಅದು ದ್ರವೀಕರಿಸಿದ ಸಾರಜನಕ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಅನಿಲವೇ ಅದು. ಪಶುವೈದ್ಯರು ಹಸುಗಳ ಗರ್ಭಧಾರಣೆಗೆ ಬೇಕಾದ ಬೀಜವನ್ನು ಕೆಡದಂತೆ ಇಡುವುದು ಇದೇ ದ್ರವದಲ್ಲಿ. ಹಳ್ಳಿಗಳಲ್ಲಿ ಹೊಗೆಯಾಡುವ ಆ ಜಾಡಿಯನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಲೋಟದಲ್ಲಿ ಅದು ಕೊತಕೊತನೆ ಕುದಿಯುತ್ತಿತ್ತು. “ಅಪ್ಪ, ಇದು ಕುದಿಯುತ್ತಿದೆಯಲ್ಲ, ಎಷ್ಟು ಬಿಸಿಯಿರಬಹುದು ಹೇಳಿ?” ಎಂದಳು. ನಾವು ಸುಮ್ಮನಿದ್ದೆವು. “ಸೊನ್ನೆಗೆ ಕೆಳಗೆ ೧೯೬ ಡಿಗ್ರಿ” ಎಂದು ನಕ್ಕು, ಗಂಟೆಯನ್ನು ಮುಚ್ಚಿ ಪಂಪನ್ನು ನಡೆಸಿದಳು.

ಕುದಿತವು ಮೊದಲಿಗಿಂತಲೂ ಹೆಚ್ಚಾಯಿತು. ಹಾಲುಕ್ಕುವಂತೆ ಉಕ್ಕಿ, ಸಿಡಿದು, ಲೋಟದ ಅಂಚಿನವರೆಗೂ ಬಂದಿತು. ಕೆಳಗೆ ಬೆಂಕಿಯಿಲ್ಲ, ದೀಪವಿಲ್ಲ. ಒಂದೆರಡು ನಿಮಿಷಗಳಾದ ಮೇಲೆ ದ್ರವದ ಮೈಮೇಲೆ ಬಿಳಿಯ ಕೆನೆಯಂತಹುದೊಂದು ಕಾಣಿಸಿ, ನೋಡುತ್ತಿದ್ದಂತೆಯೇ ಇಡಿಯ ಲೋಟವು ಬೆಳ್ಳಗೆ ಗಟ್ಟಿಯಾಯಿತು. ಕೆಳಗೆ ಸಿಕ್ಕಿಕೊಂಡಿದ್ದ ಆವಿಯು ಆ ಗಡ್ಡೆಯನ್ನು ಒಡೆದು ಚೂರುಗಳನ್ನು ಎರಚಿತು. ಒಡೆದ ಕಡೆಯಲ್ಲಿ ಮತ್ತೆ ಕುದಿದು ಮತ್ತೆ ಗಟ್ಟಿಯಾಯಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಮಗೆ ಮಾತ್ರ ಹಿಂದಿನ ಬೆಂಚಿನ ಬಳಿ ನಿಂತಿದ್ದ ಹುಡುಗನ ಮುಖವು ಕಣ್ಣಿಗೆ ಕಟ್ಟಿದಂತಾಯಿತು.

ಇದರ ಮರ್ಮವನ್ನು ಮಗಳಿಂದ ಕೇಳಿ ನಾವು ತಿಳಿದುಕೊಂಡುದು ಹೀಗೆ. ದ್ರವದ ಕಣಗಳೆಲ್ಲ ಒಂದೇ ಸಮನಾದ ವೇಗವುಳ್ಳವುಗಳಲ್ಲ. ಅತಿಶಯ ವೇಗವುಳ್ಳವು ಮೇಲ್ಮೈಯನ್ನು ಭೇದಿಸಿ ಹೊರಗೆ ಹಾರಿಹೋಗುತ್ತವೆ, ಅದೇ ಆವಿ. ಅವಿಭಕ್ತ ಕುಟುಂಬದಿಂದ ಬೇರೆ ಹೋಗುವ ಪ್ರತಿಯೊಬ್ಬನೂ ಕಣಜದಿಂದ ತನ್ನ ಪಾಲಿಗಿಂತ ಹೆಚ್ಚನ್ನು ಹೊತ್ತುಕೊಂಡು ಹೋದರೆ ಮನೆಯಲ್ಲಿ ಉಳಿದವರು ಬಡವರಾಗುವುದಿಲ್ಲವೇ? ಅದರಂತೆಯೇ ಹೊರಟವು ಶಾಖವನ್ನು ಕೊಂಡೊಯ್ಯುವುದರಿಂದ ಉಳಿದ ದ್ರವವು ತಣ್ಣಗಾಗುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ, ಸೂಜಿ ಚುಚ್ಚುವ ಮೊದಲು ವೈದ್ಯರು ತೋಳಿಗೆ ಸವರುವ ಸ್ಪಿರಿಟ್ಟು ತಣ್ಣಗೆನಿಸುವುದೂ ಇದರಿಂದಲೇ. ಮದುವೆಯ ಅಡಿಗೆಯಲ್ಲಿ ದೊಡ್ಡ ಒಲೆಗಳಿಗೆ ಜೋಡಿಸಿದ ಗ್ಯಾಸಿನ ಸಿಲಿಂಡರಿನ ಹೊಟ್ಟೆಯ ಮೇಲೆ ಬೆವರು ಮೂಡಿ, ಕೆಲವು ವೇಳೆ ಹಿಮವೂ ಕಟ್ಟುವುದುಂಟು. ಒಳಗಿನ ದ್ರವವು ಭರದಿಂದ ಆವಿಯಾಗುತ್ತಿರುವುದೇ ಅದಕ್ಕೆ ಕಾರಣ. ಹೆಪ್ಪುಗಟ್ಟಿದುದು ಹೊರಗಾಳಿಯ ತೇವವೇ ಹೊರತು ಒಳಗಿನ ಗ್ಯಾಸಲ್ಲ.

ಇನ್ನು ಪಂಪಿನ ಕೆಲಸವೇನು? ಗಾಳಿಯ ಭಾರವು ದ್ರವದ ಮೇಲೆ ಮುಚ್ಚಳದಂತೆ ಒತ್ತಿಕೊಂಡಿರುತ್ತದೆ. ಆ ಒತ್ತಡವನ್ನು ತೆಗೆದರೆ ದ್ರವವು ಕಡಿಮೆ ಉಷ್ಣತೆಯಲ್ಲಿಯೇ ಕುದಿಯತೊಡಗುತ್ತದೆ. ಎದ್ದ ಆವಿಯನ್ನು ಒಡನೊಡನೆ ಸೆಳೆದುಬಿಡುವುದರಿಂದ ಹೋದ ಕಣಗಳು ಹಿಂದಿರುಗಿ ಬರುವಂತಿಲ್ಲ. ಕುದಿತಕ್ಕೆ ಬೇಕಾದ ಶಾಖವನ್ನು ಹೊರಗಿನಿಂದ ಕೊಡುವವರಿಲ್ಲ. ಆದುದರಿಂದ ದ್ರವವು ಅದನ್ನು ತನ್ನ ಮೈಯಿಂದಲೇ ತೆರಬೇಕು. ಸಾರಜನಕವು ಕುದಿಯುವುದು ಸೊನ್ನೆಗೆ ಕೆಳಗೆ ೧೯೬ರಲ್ಲಿ, ಹೆಪ್ಪುಗಟ್ಟುವುದು ೨೧೦ರಲ್ಲಿ. ನಡುವೆ ಹದಿನಾಲ್ಕೇ ಡಿಗ್ರಿಗಳು. ಒತ್ತಡವನ್ನು ಸಾಧಾರಣ ಗಾಳಿಯ ಎಂಟನೆಯ ಒಂದು ಪಾಲಿಗೆ ಇಳಿಸಿದರೆ ಸಾಕು. ಒಂದು ಗ್ರಾಂ ಸಾರಜನಕವು ಆವಿಯಾಗುವಾಗ ಸುಮಾರು ೨೦೦ ಜೂಲಿನಷ್ಟು ಶಾಖವನ್ನು ಒಯ್ಯುತ್ತದೆ. ಒಂದು ಗ್ರಾಂ ದ್ರವವು ಗಡ್ಡೆಯಾಗಲು ಬಿಟ್ಟುಕೊಡಬೇಕಾದುದು ಸುಮಾರು ೨೬ ಜೂಲ್ ಮಾತ್ರ. ಹೊರಗಿನ ಶಾಖವು ನುಸುಳದಿದ್ದರೆ, ಲೋಟದಲ್ಲಿನ ಐದರಲ್ಲೊಂದು ಪಾಲಿಗಿಂತ ಕೊಂಚ ಹೆಚ್ಚು ಆವಿಯಾಗಿ ಹೋಗುವಷ್ಟರಲ್ಲಿ ಮಿಕ್ಕುದೆಲ್ಲ ಗಟ್ಟಿಯಾಗುವುದೆಂದು ಮಗಳು ಲೆಕ್ಕಹಾಕಿ ತೋರಿಸಿದಳು. ಆಮ್ಲಜನಕವನ್ನು ಹೀಗೆ ಮಾಡುವುದು ಇಷ್ಟು ಸುಲಭವಲ್ಲ. ಅದರ ಮೇಲಿನ ಒತ್ತಡವನ್ನು ಗಾಳಿಯ ಏಳುನೂರನೆಯ ಒಂದು ಪಾಲಿನ ಹತ್ತಿರಕ್ಕೆ ಇಳಿಸಬೇಕು.

ಆ ರಾತ್ರಿ ನಾವು ಹಳೆಯ ಪೆಟ್ಟಿಗೆಯಿಂದ ಮುಕ್ತಾವಳಿಯನ್ನು ತೆಗೆದೆವು. ಆಲಿಕಲ್ಲು ಗಟ್ಟಿಯಾಗಿದ್ದರೂ ಅದು ನೀರೇ ಎಂದು ವಿಶ್ವನಾಥ ಪಂಚಾನನನು ಅಲ್ಲಿ ಸಾಧಿಸುತ್ತಾನೆ. ಕರಗಿದರೆ ನೀರಾಗುವುದನ್ನು ಕಣ್ಣಾರೆ ಕಾಣುತ್ತೇವಲ್ಲ ಎಂಬುದು ಅವನ ಹೇತು. ಹಾಗಾದರೆ ಗಟ್ಟಿತನವೆಲ್ಲಿಂದ ಬಂದಿತು? ಅದೃಷ್ಟವಿಶೇಷದಿಂದ ದ್ರವತ್ವಕ್ಕೆ ತಡೆಯುಂಟಾಗಿದೆ, ಕಾಠಿನ್ಯವು ತೋರುವುದು ಭ್ರಾಂತಿ ಎನ್ನುತ್ತಾನೆ. ನಮ್ಮ ಪೂರ್ವಿಕರು ಇದನ್ನೆಲ್ಲ ಮೊದಲೇ ಬಲ್ಲವರಾಗಿದ್ದರೆಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಅವನು ‘ಅದೃಷ್ಟ’ ಎಂದುದು ಕಾಣದುದನ್ನು ಕಾಣೆನೆಂದು ಒಪ್ಪಿಕೊಂಡಂತೆ ನಮಗೆ ತೋರುತ್ತದೆ. ಅಷ್ಟನ್ನಾದರೂ ನಾವು ಆ ದಿನ ತರಗತಿಯಲ್ಲಿ ಮಾಡಲಿಲ್ಲ.

ಪಶ್ಚಿಮದೇಶಗಳ ವಿದ್ವಾಂಸರು ಈ ಮಾರ್ಗವನ್ನು ಹಿಡಿದುದು ಬಹಳ ಹಿಂದೆ. ಸ್ಕಾಟ್ಲೆಂಡಿನ ವಿಲಿಯಂ ಕಲೆನ್ ಎಂಬ ವೈದ್ಯನು ಪಂಪಿನ ಕೆಳಗೆ ಈಥರನ್ನು ಆವಿಯಾಗಿಸಿ, ಅದರ ತಂಪಿನಿಂದ ನೀರನ್ನು ಹೆಪ್ಪುಗಟ್ಟಿಸಿದ ಸಂಗತಿಯನ್ನು ೧೭೫೬ರಲ್ಲಿ ಪ್ರಕಟಿಸಿದನು. ೧೮೩೫ರಲ್ಲಿ ಫ್ರಾನ್ಸಿನ ತಿಲೋರಿಯೆ ಎಂಬುವನು ದ್ರವರೂಪದ ಇಂಗಾಲದ ಡೈಆಕ್ಸೈಡನ್ನು ತುಂಬಿದ್ದ ಪಾತ್ರೆಯ ಬಾಯನ್ನು ತೆರೆದಾಗ ಹೊರಗೆ ಬಂದುದು ದ್ರವವಲ್ಲ, ಬಿಳಿಯ ಹಿಮ. ಆ ಅನಿಲಕ್ಕೆ ನಿರ್ವಾತವೂ ಬೇಕಾಗಿಲ್ಲ. ಐದು ವಾಯುಮಂಡಲಗಳಷ್ಟು ಒತ್ತಡವಿಲ್ಲದಿದ್ದರೆ ಅದು ದ್ರವವಾಗಿ ನಿಲ್ಲುವುದೇ ಇಲ್ಲ. ೧೮೮೩ರಲ್ಲಿ ಪೋಲಿಷ್ ನಗರವಾದ ಕ್ರಾಕೋವಿನಲ್ಲಿ ವ್ರುಬ್ಲೆವ್ಸ್ಕಿ ಮತ್ತು ಓಲ್ಷೆವ್ಸ್ಕಿ ಎಂಬಿಬ್ಬರು ದ್ರವ ಎಥಿಲೀನನ್ನು ನಿರ್ವಾತದಲ್ಲಿ ಕುದಿಸಿ, ಆ ಚಳಿಯಿಂದ ಆಮ್ಲಜನಕವನ್ನು ಕೊಳವೆಯಲ್ಲಿ ನಿಲ್ಲುವ ದ್ರವವಾಗಿ ಮಾಡಿದರು. ಒಂದರ ಆವಿಯಿಂದ ಇನ್ನೊಂದನ್ನು ತಂಪುಮಾಡುತ್ತ ಮೆಟ್ಟಲು ಮೆಟ್ಟಲಾಗಿ ಇಳಿಯುವ ಕ್ರಮವಿದು. ಇವರಲ್ಲಿ ವ್ರುಬ್ಲೆವ್ಸ್ಕಿಯ ಕೊನೆಯು ದಾರುಣವಾದುದು. ಇಷ್ಟು ಚಳಿಯನ್ನು ಹುಡುಕಿಕೊಂಡು ಹೋದ ಆತನು ಪ್ರಯೋಗಶಾಲೆಯಲ್ಲಿ ರಾತ್ರಿ ಕೆಲಸಮಾಡುತ್ತಿದ್ದಾಗ ಸೀಮೆಎಣ್ಣೆಯ ದೀಪವು ಉರುಳಿ, ಸುಟ್ಟ ಗಾಯಗಳಿಂದ ೧೮೮೮ರಲ್ಲಿ ತೀರಿಕೊಂಡನು. ಬಳಿಕ ಲಂಡನ್ನಿನ ಜೇಮ್ಸ್ ಡ್ಯೂಅರನು ೧೮೯೮ರಲ್ಲಿ ಜಲಜನಕವನ್ನು ದ್ರವವಾಗಿಸಿ, ಮರುವರ್ಷ ಅದನ್ನು ನಿರ್ವಾತದಲ್ಲಿ ಕುದಿಸಿ ಸೊನ್ನೆಗೆ ಕೆಳಗೆ ೨೫೯ ಡಿಗ್ರಿಯಲ್ಲಿ ಗಡ್ಡೆಕಟ್ಟಿಸಿದನು. ನಮ್ಮ ಮನೆಗಳಲ್ಲಿ ಕಾಫಿಯನ್ನು ಬಿಸಿಯಾಗಿಡುವ ಫ್ಲಾಸ್ಕು ಇವನು ಇಂತಹ ದ್ರವಗಳಿಗಾಗಿ ೧೮೯೨ರಲ್ಲಿ ಮಾಡಿದ ಪಾತ್ರೆಯ ವಂಶದ್ದು.

ಉಳಿದುದು ಹೀಲಿಯಂ ಒಂದೇ. ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನೆಸ್ಸನು ೧೯೦೮ರ ಜುಲೈ ೧೦ರಂದು ಅದನ್ನು ದ್ರವವಾಗಿಸಿದನು. ಅದು ಕುದಿಯುವುದು ಸೊನ್ನೆಗೆ ಕೆಳಗೆ ೨೬೯ ಡಿಗ್ರಿಯಲ್ಲಿ. ಅದೇ ದಿನವೇ ಆತನು ಪಂಪನ್ನು ಜೋಡಿಸಿ ಅದನ್ನು ಹೆಪ್ಪುಗಟ್ಟಿಸಲು ಯತ್ನಿಸಿದನು. ಉಳಿದೆಲ್ಲ ಅನಿಲಗಳೂ ಮಣಿದ ಉಪಾಯವಲ್ಲವೇ? ಹೀಲಿಯಂ ಮಣಿಯಲಿಲ್ಲ. ಇನ್ನೂ ಬಲವಾದ ಪಂಪುಗಳನ್ನು ತಂದು ೧೯೨೨ರಲ್ಲಿ ನಿರಪೇಕ್ಷ ಶೂನ್ಯದಿಂದ ಮೇಲೆ ಒಂದು ಡಿಗ್ರಿಗೂ ಕಡಿಮೆ, ಅಂದರೆ ೦.೮೩ ಡಿಗ್ರಿಯವರೆಗೆ ಇಳಿದನು. ಆಗಲೂ ಅದು ದ್ರವವಾಗಿಯೇ ಇದ್ದಿತು. ಹದಿನಾಲ್ಕು ವರ್ಷಗಳ ಪ್ರಯತ್ನ! ೧೯೨೬ರ ಫೆಬ್ರವರಿಯಲ್ಲಿ ಓನೆಸ್ಸನು ಕಾಲವಾದನು. ನಾಲ್ಕು ತಿಂಗಳ ಬಳಿಕ, ಜೂನಿನಲ್ಲಿ, ಅವನ ಪೀಠದಲ್ಲಿದ್ದ ಕೀಸಮನು ಒತ್ತಡವನ್ನು ತೆಗೆಯುವುದಕ್ಕೆ ಬದಲಾಗಿ ಒತ್ತಡವನ್ನು ಹೇರಿ ಹೀಲಿಯಮ್ಮನ್ನು ಗಟ್ಟಿಮಾಡಿದನು. ಅದಕ್ಕೆ ಇಪ್ಪತ್ತೈದು ವಾಯುಮಂಡಲಗಳಷ್ಟಾದರೂ ಒತ್ತಡ ಬೇಕು. ಅದಿಲ್ಲದೆ ನಿರಪೇಕ್ಷ ಶೂನ್ಯದ ಅಂಚಿಗೆ ಹೋದರೂ ಅದರ ಹಗುರವಾದ ಪರಮಾಣುಗಳು ನಿಂತಲ್ಲಿ ನಿಲ್ಲದೆ ಮಿಸುಕುತ್ತಲೇ ಇರುತ್ತವೆ. ಅವನ್ನು ಹಿಡಿದು ನಿಲ್ಲಿಸುವಷ್ಟು ಪರಸ್ಪರ ಆಕರ್ಷಣೆಯು ಅವುಗಳಲ್ಲಿಲ್ಲ. ಈ ಭಾಗವನ್ನು ಮಗಳು ಹೇಳುವಾಗ ನಾವು ಎರಡು ಸಲ ಕೇಳಿಸಿಕೊಂಡೆವು. ತೊಂಬತ್ತೊಂಬತ್ತು ಕಡೆ ನಿಂತ ವ್ಯಾಪ್ತಿಯು ನೂರನೆಯ ಕಡೆಯಲ್ಲಿ ತಪ್ಪುವುದುಂಟೆಂದು ನಾವು ಪಾಠ ಹೇಳಿದ್ದೆವು. ಉದಾಹರಣೆಯನ್ನು ಕಂಡುದು ಈಗ.

ಆ ಹುಡುಗನನ್ನು ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಊರಿನ ಬಸ್‌ಸ್ಟಾಂಡಿನ ಹಿಂದೆ ಫ್ರಿಜ್ಜುಗಳನ್ನು ರಿಪೇರಿಮಾಡುವ ಅಂಗಡಿಯನ್ನು ಇಟ್ಟಿದ್ದಾನೆಂದು ತಿಳಿಯಿತು. ಹೋದೆವು. ತಲೆಯಲ್ಲಿ ಅಲ್ಲಲ್ಲಿ ನರೆ ಬಂದಿದೆ. ಕೈಯೊರಸಿಕೊಂಡು ಬಂದು ಕಾಲುಮುಟ್ಟಿ ನಮಸ್ಕರಿಸಿ ಸ್ಟೂಲನ್ನು ಕೊಟ್ಟನು. ನಾವು ಬಂದ ಕಾರಣವನ್ನು ಹೇಳಿ, “ಅಂದು ನೀನು ಕೇಳಿದುದು ಸರಿಯಾಗಿತ್ತಪ್ಪ, ನಾವು ಹೇಳಿದುದು ತಪ್ಪು” ಎಂದೆವು. ಅವನು ಬಹಳ ಹೊತ್ತು ಯೋಚಿಸಿ, “ಅಂತಹ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ, ಮೇಷ್ಟ್ರೇ” ಎಂದನು. ನಮಗೆ ಏನು ಹೇಳುವುದಕ್ಕೂ ತೋಚಲಿಲ್ಲ.

“ಆದರೆ ಅದು ನಮಗೆ ದಿನದ ಕೆಲಸ” ಎಂದು ಅವನೇ ಮುಂದುವರಿಸಿದನು. ಫ್ರಿಜ್ಜಿನ ಕೊಳವೆಗೆ ಹೊಸ ಗ್ಯಾಸನ್ನು ತುಂಬುವ ಮೊದಲು ಒಳಗಿನ ಗಾಳಿ ತೇವಗಳನ್ನು ಪಂಪಿನಿಂದ ಸೆಳೆಯಬೇಕಂತೆ. ನಿರ್ವಾತವಾದೊಡನೆ ಒಳಗಿನ ನೀರು ತಾನೇ ಕುದಿದು ಹೊರಟುಹೋಗುತ್ತದೆ. “ಆತುರ ಮಾಡಬಾರದು, ಮೇಷ್ಟ್ರೇ. ನೀರು ಹೆಚ್ಚಾಗಿದ್ದು ದೊಡ್ಡ ಪಂಪಿನಿಂದ ಭರ್ರನೆ ಎಳೆದರೆ ನೀರು ಒಳಗೇ ಮಂಜುಗಡ್ಡೆಯಾಗಿ ಕೂತುಬಿಡುತ್ತದೆ. ಮೀಟರು ನೋಡಿದರೆ ಎಲ್ಲಾ ಸರಿಯಾಗಿದೆ ಅನ್ನುತ್ತದೆ. ನಾಲ್ಕು ದಿನ ಆದಮೇಲೆ ಗಿರಾಕಿ ಬಂದು ಬೈಯುತ್ತಾನೆ. ಅದಕ್ಕೇ ನಿಧಾನವಾಗಿ ಎಳೆಯುತ್ತ, ಹೊರಗಿನಿಂದ ಬಿಸಿಗಾಳಿ ಬಿಡುತ್ತೇವೆ.” ನಾವು ಅರ್ಧಗಂಟೆಯ ಕಾಲ ಕುಳಿತು ಅವನಿಂದ ಪಾಠ ಹೇಳಿಸಿಕೊಂಡೆವು. ಕೆಲವು ಕಡೆ ಅರ್ಥವಾಗದೆ ಮತ್ತೆ ಕೇಳಿದೆವು. ಅವನು ಬೇಸರಪಡದೆ ಮತ್ತೆ ಹೇಳಿದನು.

ಹೊರಡುವಾಗ ಅವನಿಗೆ ಏನೋ ಹೊಳೆದು ನಗು ಬಂದಿತು. “ಪ್ರಶ್ನೆ ಮರೆತಿದೆ ಮೇಷ್ಟ್ರೇ, ನೀವು ಬರೆಸಿದ್ದು ಮಾತ್ರ ಮರೆತಿಲ್ಲ” ಎಂದು, ಪಂಪಿನ ಕೊಳವೆಯನ್ನು ತಿರುಗಿಸಿ ಬಿಗಿಮಾಡುತ್ತ, ಆಪಃ, ಅಪಃ, ಅದ್ಭಿಃ, ಅದ್ಭ್ಯಃ, ಅಪಾಮ್, ಅಪ್ಸು ಎಂದು ರಾಗವಾಗಿ ಒಪ್ಪಿಸಿದನು. ಪಂಚಮಿಯ ಅದ್ಭ್ಯಃ ಒಂದು ಬಿಟ್ಟುಹೋಗಿತ್ತು. ನಾವು ತಿದ್ದಲಿಲ್ಲ. ಅವನು ಗುಂಡಿಯನ್ನು ಒತ್ತಿದನು, ಪಂಪು ನಡೆಯತೊಡಗಿತು.